ಖನಿಜ ಗುತ್ತಿಗೆ ಮತ್ತು ರಾಯಲ್ಟಿ ಆದಾಯದ ತಪ್ಪು ತೆರಿಗೆ ನಮೂನೆಗಳು (ಅಮೆರಿಕ)

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ತೈಲ, ನೈಸರ್ಗಿಕ ಅನಿಲ, ಕಲ್ಲಿದ್ದಲು ಮೊದಲಾದ ಖನಿಜಗಳ ಗುತ್ತಿಗೆಯಿಂದ ಖಾಸಗಿ ವ್ಯಕ್ತಿಗಳಿಗೆ ಬರುವ ಹಣವನ್ನು, ಅದನ್ನು ಪಾವತಿಸಿದ ಕಂಪನಿಯು 1099 ಎಂಬ ಸರಣಿಯ ನಮೂನೆಗಳಲ್ಲಿ ತೆರಿಗೆ ಇಲಾಖೆಗೆ ವರದಿ ಮಾಡುತ್ತದೆ. ಇದರ ಒಂದು ಪ್ರತಿ ಹಣ ಪಡೆದವರಿಗೂ ತಲುಪುತ್ತದೆ. ಈ ನಮೂನೆಯಲ್ಲಿ ಮೊತ್ತ, ಹೆಸರು, ವರ್ಷ ಅಥವಾ ಆದಾಯದ ಬಗೆ ತಪ್ಪಾಗಿ ದಾಖಲಾದಾಗ ಅದನ್ನು ತಪ್ಪು ತೆರಿಗೆ ನಮೂನೆ ಎನ್ನಲಾಗುತ್ತದೆ. ಇಂತಹ ತಪ್ಪಿನಿಂದ ತೆರಿಗೆದಾರರು ತಾವು ಕೊಡಬೇಕಿಲ್ಲದ ತೆರಿಗೆಯನ್ನು ಕೊಡುವ, ಅಥವಾ ವರ್ಷದ ನಂತರ ಇಲಾಖೆಯ ನೋಟಿಸ್ ಪಡೆಯುವ ಸಂಭವವಿರುತ್ತದೆ.

ಈ ವಿಷಯದಲ್ಲಿ ಎರಡು ಮೂಲ ತತ್ತ್ವಗಳಿವೆ. ಮೊದಲನೆಯದು, ತೆರಿಗೆಯನ್ನು ನಿರ್ಧರಿಸುವುದು ಪಾವತಿಯ ನಿಜಸ್ವರೂಪವೇ ಹೊರತು ನಮೂನೆಯ ಮೇಲೆ ಮುದ್ರಿತವಾದ ಅಂಕಿಯಲ್ಲ. ಎರಡನೆಯದು, ನಮೂನೆ ತಪ್ಪೆಂದು ತಿಳಿದಿದ್ದರೂ ಅದನ್ನು ಕಡೆಗಣಿಸುವಂತಿಲ್ಲ. ಅದೇ ಅಂಕಿ ಇಲಾಖೆಯ ಗಣಕಯಂತ್ರದಲ್ಲಿಯೂ ಇರುತ್ತದೆ.

## ಹಿನ್ನೆಲೆ

ಅಮೆರಿಕದಲ್ಲಿ ಭೂಮಿಯ ಮೇಲ್ಮೈಯ ಒಡೆತನ ಮತ್ತು ನೆಲದಡಿಯ ಖನಿಜದ ಒಡೆತನ ಬೇರೆಬೇರೆಯಾಗಿರಬಹುದು. ಒಂದು ಕುಟುಂಬವು ಹೊಲವನ್ನು ಮಾರಿ, ಅದರ ಕೆಳಗಿನ ಖನಿಜ ಹಕ್ಕನ್ನು ತನ್ನಲ್ಲಿಯೇ ಉಳಿಸಿಕೊಳ್ಳುವುದು ಅಲ್ಲಿ ಸಾಮಾನ್ಯ. ಹೀಗೆ ಉಳಿಸಿಕೊಂಡ ಹಕ್ಕು ಮಕ್ಕಳಿಗೆ, ಮೊಮ್ಮಕ್ಕಳಿಗೆ ಹಂಚಿಹೋಗುತ್ತದೆ. ಟೆಕ್ಸಾಸ್ ಮತ್ತು ನ್ಯೂ ಮೆಕ್ಸಿಕೊಗಳ ಪರ್ಮಿಯನ್ ಪ್ರದೇಶ, ಉತ್ತರ ಡಕೋಟಾದ ಬಾಕನ್ ಪ್ರದೇಶ, ಪೆನ್ಸಿಲ್ವೇನಿಯಾ ಮತ್ತು ಪಶ್ಚಿಮ ವರ್ಜೀನಿಯಾಗಳ ಮಾರ್ಸೆಲಸ್ ಪ್ರದೇಶಗಳಲ್ಲಿ ಇಂತಹ ಸಣ್ಣ ಪಾಲುಗಳ ಒಡೆಯರು ಬಹಳ ಮಂದಿ ಇದ್ದಾರೆ. ಅವರಲ್ಲಿ ಅನೇಕರು ಆ ಭೂಮಿಯಿಂದ ನೂರಾರು ಮೈಲಿ ದೂರದಲ್ಲಿ ವಾಸಿಸುವವರು, ತೈಲೋದ್ಯಮದ ಪರಿಚಯವಿಲ್ಲದವರು.

ಕರ್ನಾಟಕದ ಓದುಗರಿಗೆ ರಾಯಲ್ಟಿ ಅಥವಾ ರಾಜಧನ ಎಂದರೆ ಗಣಿ ಗುತ್ತಿಗೆದಾರನು ಸರ್ಕಾರಕ್ಕೆ ಸಲ್ಲಿಸುವ ಹಣ. ಬಳ್ಳಾರಿ, ಸಂಡೂರು ಕಡೆಯ ಕಬ್ಬಿಣದ ಅದಿರಿಗೆ 1957ರ ಗಣಿ ಮತ್ತು ಖನಿಜಗಳ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆಯ 9ನೆಯ ಪ್ರಕರಣದಂತೆ ರಾಜಧನವು ಸಂದಾಯವಾಗುತ್ತದೆ. ಅಮೆರಿಕದಲ್ಲಿಯೂ ಸರ್ಕಾರಿ ಭೂಮಿಯ ರಾಯಲ್ಟಿ ಸರ್ಕಾರಕ್ಕೇ ಸೇರುತ್ತದೆ. ಆದರೆ ಖಾಸಗಿ ಒಡೆತನದ ಖನಿಜದ ರಾಯಲ್ಟಿ ಖಾಸಗಿ ವ್ಯಕ್ತಿಯ ಆದಾಯವಾಗುತ್ತದೆ. ಆದ್ದರಿಂದಲೇ ಅದು ಆದಾಯ ತೆರಿಗೆಯ ವ್ಯಾಪ್ತಿಗೆ ಬರುತ್ತದೆ. ಈ ಲೇಖನವು ಆ ಖಾಸಗಿ ಆದಾಯಕ್ಕೆ ಸಂಬಂಧಿಸಿದ್ದು.

## ಪಾವತಿಯ ಬಗೆಗಳು

ನಮೂನೆ ಸರಿಯೋ ತಪ್ಪೋ ಎಂದು ತಿಳಿಯಲು ಮೊದಲು ಹಣ ಯಾವ ಬಗೆಯದು ಎಂದು ಗುರುತಿಸಬೇಕು. ಒಂದೇ ಗುತ್ತಿಗೆಯಿಂದ ಹಲವು ಬಗೆಯ ಪಾವತಿಗಳು ಬರಬಹುದು.

ಗುತ್ತಿಗೆ ಬೋನಸ್: ಗುತ್ತಿಗೆ ಪತ್ರಕ್ಕೆ ಸಹಿ ಹಾಕಿದ್ದಕ್ಕಾಗಿ ಒಡೆಯನಿಗೆ ಮುಂಗಡವಾಗಿ ಸಿಗುವ ಹಣ. ಬಾವಿ ಕೊರೆದರೂ ಕೊರೆಯದಿದ್ದರೂ ಇದನ್ನು ಹಿಂದಿರುಗಿಸಬೇಕಾಗಿಲ್ಲ. ಇದು ಆಸ್ತಿ ಮಾರಾಟದ ಹಣವಲ್ಲ, ಸಾಮಾನ್ಯ ಆದಾಯವೇ ಎಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1932ರ ಬರ್ನೆಟ್ ವಿರುದ್ಧ ಹಾರ್ಮೆಲ್ ಪ್ರಕರಣದಲ್ಲಿ ತೀರ್ಮಾನಿಸಿತು.

ವಿಳಂಬ ಬಾಡಿಗೆ: ಕೊರೆಯುವ ಕೆಲಸವನ್ನು ಮುಂದೂಡಲು ಗುತ್ತಿಗೆದಾರನು ಕೊಡುವ ಹಣ. ಇದನ್ನು ಬಾಡಿಗೆಯೆಂದೇ ಪರಿಗಣಿಸಲಾಗುತ್ತದೆ.

ರಾಯಲ್ಟಿ: ಉತ್ಪಾದನೆ ಆರಂಭವಾದ ಮೇಲೆ, ಹೊರಬಂದ ಖನಿಜದ ಮೌಲ್ಯದಲ್ಲಿ ಒಡೆಯನಿಗೆ ಸಿಗುವ ಪಾಲು. ಹಳೆಯ ಗುತ್ತಿಗೆಗಳಲ್ಲಿ ಇದು ಎಂಟನೆಯ ಒಂದು ಭಾಗವಾಗಿರುತ್ತಿತ್ತು. ಈಚಿನ ಗುತ್ತಿಗೆಗಳಲ್ಲಿ ಐದನೆಯ ಅಥವಾ ನಾಲ್ಕನೆಯ ಒಂದು ಭಾಗವೂ ಇರುವುದುಂಟು. ಉತ್ಪಾದನೆಯ ವೆಚ್ಚದಲ್ಲಿ ರಾಯಲ್ಟಿಯ ಒಡೆಯನಿಗೆ ಪಾಲಿಲ್ಲ.

ವರ್ಕಿಂಗ್ ಇಂಟರೆಸ್ಟ್: ಬಾವಿಯ ವೆಚ್ಚವನ್ನೂ ಹೊರುವ ಪಾಲುದಾರಿಕೆ. ಇದರಿಂದ ಬರುವ ಹಣ ವ್ಯಾಪಾರದ ಆದಾಯ, ರಾಯಲ್ಟಿಯಲ್ಲ.

ಮೇಲ್ಮೈ ಬಳಕೆಯ ಹಣ: ರಸ್ತೆ, ಕೊಳವೆಮಾರ್ಗ, ಯಂತ್ರಗಳ ನಿಲುಗಡೆ ಮೊದಲಾದವುಗಳಿಗಾಗಿ ನೆಲದ ಒಡೆಯನಿಗೆ ಸಿಗುವ ಹಣ. ಇದರ ತೆರಿಗೆಯು ಒಪ್ಪಂದದ ಪದಗಳನ್ನು ಅವಲಂಬಿಸಿದೆ.

ಹಕ್ಕಿನ ಮಾರಾಟ: ಖನಿಜ ಹಕ್ಕನ್ನೇ ಶಾಶ್ವತವಾಗಿ ಮಾರಿದಾಗ ಬರುವ ಹಣ. ಹೂಡಿಕೆಯಾಗಿ ಹೊಂದಿದ್ದ ಹಕ್ಕಾದರೆ ಇದು ಬಂಡವಾಳ ಲಾಭದ ಲೆಕ್ಕಕ್ಕೆ ಸೇರುತ್ತದೆ. ಅದರ ಅಸಲನ್ನು ಕಳೆದು ಉಳಿದ ಲಾಭಕ್ಕೆ ಮಾತ್ರ ತೆರಿಗೆ.

## ಸಂಬಂಧಿಸಿದ ನಮೂನೆಗಳು

ಅಮೆರಿಕದ ಒಕ್ಕೂಟ ತೆರಿಗೆ ಇಲಾಖೆಯ ಹೆಸರು ಆಂತರಿಕ ಕಂದಾಯ ಸೇವೆ. ಅದನ್ನು ಐಆರ್‌ಎಸ್ ಎಂದೇ ಕರೆಯುವುದು ರೂಢಿ. ರಾಯಲ್ಟಿ ಪಾವತಿಸುವವರು ವರ್ಷದಲ್ಲಿ 10 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಕೊಟ್ಟಿದ್ದರೆ ಅದನ್ನು ಐಆರ್‌ಎಸ್‌ಗೆ ವರದಿ ಮಾಡಬೇಕೆಂಬ ನಿಯಮವು 1986ರ ತೆರಿಗೆ ಸುಧಾರಣಾ ಕಾಯ್ದೆಯಿಂದ ಬಂದಿತು. ಬಾಡಿಗೆಯ ವರದಿಗೆ ಬಹುಕಾಲ 600 ಡಾಲರ್ ಮಿತಿಯಿತ್ತು. 2026ರಿಂದ ಮಾಡುವ ಪಾವತಿಗಳಿಗೆ ಅದನ್ನು 2,000 ಡಾಲರ್‌ಗೆ ಏರಿಸಲಾಗಿದೆ. ರಾಯಲ್ಟಿಯ 10 ಡಾಲರ್ ಮಿತಿ ಬದಲಾಗಿಲ್ಲ. ನಮೂನೆ ಬಾರದಿದ್ದರೂ ಆದಾಯವನ್ನು ತೋರಿಸುವ ಹೊಣೆ ತಪ್ಪುವುದಿಲ್ಲ.

1099-ಎಂಐಎಸ್‌ಸಿ: ಖನಿಜ ಆದಾಯಕ್ಕೆ ಸಂಬಂಧಿಸಿದ ಮುಖ್ಯ ನಮೂನೆ. ಇದರ ಬಾಕ್ಸ್ 1ರಲ್ಲಿ ಬಾಡಿಗೆ, ಬಾಕ್ಸ್ 2ರಲ್ಲಿ ರಾಯಲ್ಟಿ, ಬಾಕ್ಸ್ 3ರಲ್ಲಿ ಇತರ ಆದಾಯ, ಬಾಕ್ಸ್ 4ರಲ್ಲಿ ಮೊದಲೇ ಹಿಡಿದುಕೊಂಡ ಒಕ್ಕೂಟ ತೆರಿಗೆ ಇರುತ್ತವೆ. ಬಾಕ್ಸ್ 2ರಲ್ಲಿ ರಾಜ್ಯದ ತೆರಿಗೆಗಳನ್ನು ಕಳೆಯುವುದಕ್ಕೆ ಮುಂಚಿನ ಒಟ್ಟು ಮೊತ್ತವನ್ನು ಬರೆಯಬೇಕು. ಗುತ್ತಿಗೆ ಬೋನಸ್ ಮತ್ತು ವಿಳಂಬ ಬಾಡಿಗೆಗಳು ಸಾಮಾನ್ಯವಾಗಿ ಬಾಕ್ಸ್ 1ರಲ್ಲಿ ಕಾಣಿಸಿಕೊಳ್ಳುತ್ತವೆ.

1099-ಎನ್‌ಇಸಿ: ನೌಕರರಲ್ಲದವರಿಗೆ ಕೆಲಸಕ್ಕಾಗಿ ಕೊಟ್ಟ ಸಂಭಾವನೆಯ ನಮೂನೆ. ವರ್ಕಿಂಗ್ ಇಂಟರೆಸ್ಟ್‌ನ ಪಾವತಿಗಳೂ ಇದರ ಬಾಕ್ಸ್ 1ರಲ್ಲಿ ಬರುತ್ತವೆ. 2020ನೆಯ ತೆರಿಗೆ ವರ್ಷದಿಂದ ಇದು ಮತ್ತೆ ಬಳಕೆಗೆ ಬಂದಿತು. ಅದಕ್ಕೆ ಹಿಂದಿನ ವರ್ಷಗಳಲ್ಲಿ ಇದೇ ಮಾಹಿತಿ 1099-ಎಂಐಎಸ್‌ಸಿ ನಮೂನೆಯ ಬಾಕ್ಸ್ 7ರಲ್ಲಿ ಇರುತ್ತಿತ್ತು.

ಷೆಡ್ಯೂಲ್ ಇ: ತೆರಿಗೆದಾರರು ತಮ್ಮ ವಾರ್ಷಿಕ ರಿಟರ್ನ್ ಆದ 1040ರ ಜೊತೆ ಸಲ್ಲಿಸುವ ಅನುಬಂಧ. ಬಾಡಿಗೆ ಮತ್ತು ರಾಯಲ್ಟಿಗಳನ್ನು ಇದರ ಮೊದಲ ಭಾಗದಲ್ಲಿ ತೋರಿಸಿ, ಅವುಗಳಿಗೆ ಸಂಬಂಧಿಸಿದ ವೆಚ್ಚಗಳನ್ನು ಅಲ್ಲಿಯೇ ಕಳೆಯಲಾಗುತ್ತದೆ.

ಷೆಡ್ಯೂಲ್ ಸಿ: ಸ್ವಂತ ವ್ಯಾಪಾರ ಅಥವಾ ವೃತ್ತಿಯ ಆದಾಯದ ಅನುಬಂಧ. ಇಲ್ಲಿ ಬರುವ ನಿವ್ವಳ ಆದಾಯಕ್ಕೆ ಆದಾಯ ತೆರಿಗೆಯಲ್ಲದೆ ಸ್ವಉದ್ಯೋಗ ತೆರಿಗೆಯೂ ಬೀಳುತ್ತದೆ.

ತೈಲ ಮತ್ತು ಅನಿಲದ ರಾಯಲ್ಟಿಗೆ ಡಿಪ್ಲೀಷನ್ ಎಂಬ ವಿಶೇಷ ಕಡಿತವಿದೆ. ನೆಲದಡಿಯ ನಿಕ್ಷೇಪವು ತೆಗೆದಷ್ಟೂ ಬರಿದಾಗುವುದರಿಂದ, ಬಂದ ಹಣದಲ್ಲಿ ಒಂದಂಶವು ಅಸಲಿನ ಕರಗುವಿಕೆ ಎಂಬುದು ಇದರ ಹಿಂದಿನ ತರ್ಕ. ಸಣ್ಣ ಉತ್ಪಾದಕರು ಮತ್ತು ರಾಯಲ್ಟಿಯ ಒಡೆಯರು, ಕಾಯ್ದೆಯ ಮಿತಿಗಳಿಗೆ ಒಳಪಟ್ಟು, ಒಟ್ಟು ಆದಾಯದ ಶೇ. 15ರಷ್ಟನ್ನು ಹೀಗೆ ಕಳೆಯಬಹುದು. ಆದರೆ ತೈಲ ಮತ್ತು ಅನಿಲದ ಗುತ್ತಿಗೆ ಬೋನಸ್‌ಗೆ ಈ ಶೇಕಡಾವಾರು ಕಡಿತ ದೊರೆಯುವುದಿಲ್ಲ, ಏಕೆಂದರೆ ಅದು ಉತ್ಪಾದನೆಯನ್ನು ಅವಲಂಬಿಸಿದ ಹಣವಲ್ಲ. ನಮೂನೆಯಲ್ಲಿ ಬೋನಸ್ ಯಾವ ಬಾಕ್ಸ್‌ಗೆ ಸೇರಿತು ಎಂಬುದು ಮುಖ್ಯವಾಗುವುದಕ್ಕೆ ಇದೂ ಒಂದು ಕಾರಣ.

## ಸಾಮಾನ್ಯವಾಗಿ ಕಂಡುಬರುವ ತಪ್ಪುಗಳು

### ಬೋನಸ್ ಅನ್ನು ಸಂಭಾವನೆಯೆಂದು ತೋರಿಸುವುದು

ಅತ್ಯಂತ ದುಬಾರಿಯಾದ ತಪ್ಪು ಇದು. ಗುತ್ತಿಗೆ ಬೋನಸ್ ಪಡೆದವರಿಗೆ 1099-ಎಂಐಎಸ್‌ಸಿ ಬದಲು 1099-ಎನ್‌ಇಸಿ ಬಂದರೆ, ಐಆರ್‌ಎಸ್ ದಾಖಲೆಯಲ್ಲಿ ಆ ವ್ಯಕ್ತಿ ಕಂಪನಿಗಾಗಿ ಏನೋ ಕೆಲಸ ಮಾಡಿ ಹಣ ಗಳಿಸಿದಂತೆ ಆಗುತ್ತದೆ. ಅದರಿಂದ ಶೇ. 15.3ರ ಸ್ವಉದ್ಯೋಗ ತೆರಿಗೆಯ ಬೇಡಿಕೆ ಹುಟ್ಟುತ್ತದೆ. ತೆರಿಗೆ ರಿಟರ್ನ್ ಸಿದ್ಧಪಡಿಸುವ ತಂತ್ರಾಂಶಗಳೂ ಈ ನಮೂನೆಯನ್ನು ಕಂಡೊಡನೆ ಷೆಡ್ಯೂಲ್ ಸಿ ಕಡೆಗೆ ಒಯ್ಯುವುದು ಸಾಮಾನ್ಯ.

### ಬೋನಸ್ ಅನ್ನು ರಾಯಲ್ಟಿಯೆಂದು ತೋರಿಸುವುದು

ಬೋನಸ್ ಬಾಕ್ಸ್ 2ರಲ್ಲಿ ಬಂದಾಗ ತೆರಿಗೆದಾರರು ಅರಿಯದೆ ಶೇ. 15ರ ಕಡಿತವನ್ನು ತೆಗೆದುಕೊಳ್ಳುವ ಅಪಾಯವಿದೆ. ಇಲ್ಲಿ ತಪ್ಪು ತೆರಿಗೆದಾರರಿಗೆ ಅನುಕೂಲವಾಗಿ ಕಂಡರೂ, ಪರಿಶೀಲನೆಯಲ್ಲಿ ಆ ಕಡಿತ ನಿಲ್ಲುವುದಿಲ್ಲ.

### ವರ್ಕಿಂಗ್ ಇಂಟರೆಸ್ಟ್ ಅನ್ನು ರಾಯಲ್ಟಿಯೆಂದು ತೋರಿಸುವುದು

ಇದು ಮೊದಲಿನ ತಪ್ಪಿನ ತಿರುವುಮುರುವು. ನಮೂನೆಯಲ್ಲಿ ರಾಯಲ್ಟಿ ಎಂದಿದ್ದ ಮಾತ್ರಕ್ಕೆ ವೆಚ್ಚ ಹೊರುವ ಪಾಲುದಾರನು ಸ್ವಉದ್ಯೋಗ ತೆರಿಗೆಯಿಂದ ಪಾರಾಗುವುದಿಲ್ಲ.

### ಒಟ್ಟು ಮೊತ್ತ ಮತ್ತು ಕೈಗೆ ಬಂದ ಮೊತ್ತದ ಗೊಂದಲ

ರಾಯಲ್ಟಿ ಚೆಕ್ ಬರುವ ಮುನ್ನವೇ ಕಂಪನಿಯು ರಾಜ್ಯದ ಸೆವರೆನ್ಸ್ ತೆರಿಗೆ, ಅಂದರೆ ಖನಿಜವನ್ನು ಹೊರತೆಗೆದುದಕ್ಕೆ ಬೀಳುವ ತೆರಿಗೆಯನ್ನು ಕಳೆದಿರುತ್ತದೆ. ಟೆಕ್ಸಾಸ್‌ನಲ್ಲಿ ಇದು ತೈಲಕ್ಕೆ ಶೇ. 4.6, ಅನಿಲಕ್ಕೆ ಶೇ. 7.5. ಹೀಗಾಗಿ ನಮೂನೆಯ ಅಂಕಿ ಬ್ಯಾಂಕಿಗೆ ಬಂದ ಹಣಕ್ಕಿಂತ ಹೆಚ್ಚಾಗಿರುತ್ತದೆ. ಇದನ್ನು ಕಂಡ ಅನೇಕರು ನಮೂನೆಯೇ ತಪ್ಪೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಇದು ತಪ್ಪಲ್ಲ. ಒಟ್ಟು ಮೊತ್ತವನ್ನು ಆದಾಯವೆಂದು ತೋರಿಸಿ, ಕಳೆದ ತೆರಿಗೆಯನ್ನು ವೆಚ್ಚವೆಂದು ತೋರಿಸುವುದೇ ಸರಿಯಾದ ಕ್ರಮ. ಇದಕ್ಕೆ ವಿರುದ್ಧವಾಗಿ, ಕಂಪನಿಯೇ ನಿವ್ವಳ ಮೊತ್ತವನ್ನು ಬಾಕ್ಸ್ 2ರಲ್ಲಿ ಬರೆದಿದ್ದರೆ ಅದು ನಿಜವಾದ ತಪ್ಪು.

### ಹೆಸರು ಮತ್ತು ಪಾಲಿನ ತಪ್ಪುಗಳು

ಒಡೆಯನು ತೀರಿಕೊಂಡ ಮೇಲೂ ನಮೂನೆ ಅವರ ಹೆಸರಿನಲ್ಲಿಯೇ, ಅವರ ಸಾಮಾಜಿಕ ಭದ್ರತಾ ಸಂಖ್ಯೆಯಲ್ಲಿಯೇ ಬರುತ್ತಿರುತ್ತದೆ. ಮರಣಾನಂತರದ ಆದಾಯವು ಉತ್ತರಾಧಿಕಾರಿಗಳ ಅಥವಾ ಮೃತರ ಎಸ್ಟೇಟಿನ ಲೆಕ್ಕಕ್ಕೆ ಸೇರಬೇಕು. ಇನ್ನು ಕೆಲವೆಡೆ ಮೂವರು ಅಣ್ಣತಮ್ಮಂದಿರ ಪಾಲನ್ನು ಕಂಪನಿಯು ಒಬ್ಬರ ಹೆಸರಿಗೇ ಕಳುಹಿಸಿ, ಪೂರ್ಣ ಮೊತ್ತದ ನಮೂನೆಯನ್ನು ಅವರಿಗೊಬ್ಬರಿಗೇ ಕೊಡುತ್ತದೆ.

### ವರ್ಷದ ತಪ್ಪುಗಳು

ಡಿಸೆಂಬರ್ ಕೊನೆಯಲ್ಲಿ ಅಂಚೆಗೆ ಹಾಕಿದ ಚೆಕ್ ಜನವರಿಯಲ್ಲಿ ಕೈಸೇರಿದಾಗ ಕಂಪನಿಯ ವರ್ಷಕ್ಕೂ ಪಡೆದವರ ವರ್ಷಕ್ಕೂ ತಾಳೆಯಾಗುವುದಿಲ್ಲ. ಆದರೆ ಡಿಸೆಂಬರ್‌ನಲ್ಲಿಯೇ ಕೈಸೇರಿದ ಚೆಕ್ಕನ್ನು ಜನವರಿಯಲ್ಲಿ ಬ್ಯಾಂಕಿಗೆ ಹಾಕಿದರೆ ಅದು ಹಿಂದಿನ ವರ್ಷದ ಆದಾಯವೇ.

### ಮಾರಾಟವನ್ನು ರಾಯಲ್ಟಿಯೆಂದು ತೋರಿಸುವುದು

ಖನಿಜ ಹಕ್ಕನ್ನು ಮಾರಿದ ಹಣ ಬಾಕ್ಸ್ 2ರಲ್ಲಿ ಕಾಣಿಸಿದರೆ, ಅಸಲನ್ನು ಕಳೆಯುವ ಮತ್ತು ದೀರ್ಘಾವಧಿ ಬಂಡವಾಳ ಲಾಭದ ಕಡಿಮೆ ದರವನ್ನು ಪಡೆಯುವ ಅವಕಾಶಗಳು ಕೈತಪ್ಪುತ್ತವೆ.

## ತಪ್ಪಿನ ಪರಿಣಾಮ: ಎರಡು ಉದಾಹರಣೆಗಳು

ಕೆಳಗಿನ ಎರಡೂ ಉದಾಹರಣೆಗಳು ಲೆಕ್ಕವನ್ನು ತಿಳಿಸಲು ಕಲ್ಪಿಸಿದವು.

ಮೊದಲನೆಯದು: ನಿವೃತ್ತ ಮಹಿಳೆಯೊಬ್ಬರು 20,000 ಡಾಲರ್ ಗುತ್ತಿಗೆ ಬೋನಸ್ ಪಡೆದಿದ್ದಾರೆ. ಅವರಿಗೆ ಬೇರೆ ಸಂಬಳವಾಗಲಿ ವ್ಯಾಪಾರವಾಗಲಿ ಇಲ್ಲ. ಕಂಪನಿ ಅವರಿಗೆ 1099-ಎನ್‌ಇಸಿ ಕಳುಹಿಸಿದೆ. ಅದನ್ನು ಹಾಗೆಯೇ ಷೆಡ್ಯೂಲ್ ಸಿ ಯಲ್ಲಿ ತೋರಿಸಿದರೆ ಸ್ವಉದ್ಯೋಗ ತೆರಿಗೆಯನ್ನು ಆ ಮೊತ್ತದ ಶೇ. 92.35ರ ಮೇಲೆ, ಅಂದರೆ 18,470 ಡಾಲರ್ ಮೇಲೆ ಲೆಕ್ಕ ಹಾಕಲಾಗುತ್ತದೆ. ಶೇ. 15.3ರಂತೆ ಅದು ಸುಮಾರು 2,826 ಡಾಲರ್. ಬೋನಸ್ ಸರಿಯಾಗಿ ಷೆಡ್ಯೂಲ್ ಇ ಯಲ್ಲಿ ಬಂದಿದ್ದರೆ ಆದಾಯ ತೆರಿಗೆ ಮಾತ್ರ ಬೀಳುತ್ತಿತ್ತು. ಈ 2,826 ಡಾಲರ್ ಬೀಳುತ್ತಲೇ ಇರಲಿಲ್ಲ. ಸ್ವಉದ್ಯೋಗ ತೆರಿಗೆಯ ಅರ್ಧ ಭಾಗವನ್ನು ಆದಾಯದಿಂದ ಕಳೆಯಲು ಅವಕಾಶವಿದೆಯಾದರೂ ಅದರಿಂದ ಈ ನಷ್ಟ ತುಂಬುವುದಿಲ್ಲ.

ಎರಡನೆಯದು: ಟೆಕ್ಸಾಸ್‌ನ ತೈಲಬಾವಿಯಿಂದ ಒಬ್ಬರಿಗೆ ವರ್ಷಕ್ಕೆ ಒಟ್ಟು 12,000 ಡಾಲರ್ ರಾಯಲ್ಟಿ ಬಂದಿದೆ. ಶೇ. 4.6ರ ಸೆವರೆನ್ಸ್ ತೆರಿಗೆಯಾಗಿ 552 ಡಾಲರ್ ಕಳೆದು 11,448 ಡಾಲರ್ ಕೈಸೇರಿದೆ. ಬಾಕ್ಸ್ 2ರಲ್ಲಿ 12,000 ಇದೆ. ಅವರು ಷೆಡ್ಯೂಲ್ ಇ ಯಲ್ಲಿ 12,000 ತೋರಿಸಿ, 552 ಡಾಲರ್ ತೆರಿಗೆಯನ್ನೂ 1,800 ಡಾಲರ್ ಡಿಪ್ಲೀಷನ್ ಕಡಿತವನ್ನೂ ಕಳೆದರೆ ತೆರಿಗೆಗೆ ಒಳಪಡುವುದು 9,648 ಡಾಲರ್. ಹಾಗೆ ಮಾಡದೆ ಕೈಗೆ ಬಂದ 11,448 ಡಾಲರನ್ನೇ ಆದಾಯವೆಂದು ಬರೆದು ಸುಮ್ಮನಾದರೆ ಎರಡು ನಷ್ಟಗಳಾಗುತ್ತವೆ. 1,800 ಡಾಲರ್ ಮೇಲೆ ಅನಗತ್ಯವಾಗಿ ತೆರಿಗೆ ಕಟ್ಟಿದಂತಾಗುತ್ತದೆ. 552 ಡಾಲರ್ ಆದಾಯವನ್ನು ಮುಚ್ಚಿಟ್ಟಂತೆ ಇಲಾಖೆಗೆ ಕಾಣಿಸುತ್ತದೆ.

## ಸರಿಪಡಿಸುವ ಕ್ರಮ

### 1. ತಾಳೆ ನೋಡುವುದು

ಪಾವತಿದಾರ ಕಂಪನಿಯು 1099-ಎಂಐಎಸ್‌ಸಿ ಮತ್ತು 1099-ಎನ್‌ಇಸಿ ನಮೂನೆಗಳನ್ನು ಸಾಮಾನ್ಯವಾಗಿ ಜನವರಿ 31ರೊಳಗೆ ಕಳುಹಿಸಬೇಕು. ನಮೂನೆ ಬಂದೊಡನೆ ವರ್ಷವಿಡೀ ಬಂದ ಚೆಕ್ಕುಗಳ ಜೊತೆಗಿನ ವಿವರಚೀಟಿಗಳನ್ನು ಕೂಡಿಸಿ ನೋಡಬೇಕು. ಆ ಚೀಟಿಗಳಲ್ಲಿ ಬಾವಿಯ ಹೆಸರು, ತಿಂಗಳು, ಉತ್ಪಾದನೆಯ ಪ್ರಮಾಣ, ಬೆಲೆ, ಒಡೆಯನ ಪಾಲಿನ ದಶಮಾಂಶ ಮತ್ತು ಕಡಿತಗಳು ಇರುತ್ತವೆ. ಐಆರ್‌ಎಸ್ ಬಳಿ ಯಾವ ನಮೂನೆಗಳು ತಲುಪಿವೆ ಎಂಬುದನ್ನು ತೆರಿಗೆದಾರರು ಅದರ ಅಂತರಜಾಲ ಖಾತೆಯಲ್ಲಿ ಸಿಗುವ ವೇತನ ಮತ್ತು ಆದಾಯದ ಪ್ರತಿಲಿಪಿಯಲ್ಲಿ ನೋಡಬಹುದು. ಆದರೆ ಚಾಲ್ತಿ ವರ್ಷದ ವಿವರಗಳು ಅಲ್ಲಿ ತಡವಾಗಿ ಸೇರುತ್ತವೆ.

### 2. ಪಾವತಿದಾರರಿಗೆ ಬರೆಯುವುದು

ತಪ್ಪು ಖಚಿತವಾದರೆ ಮೊದಲು ಬರೆಯಬೇಕಾದದ್ದು ಇಲಾಖೆಗಲ್ಲ, ನಮೂನೆ ಕೊಟ್ಟ ಕಂಪನಿಗೆ. ಅಲ್ಲಿನ ಒಡೆಯರ ಸಂಪರ್ಕ ವಿಭಾಗಕ್ಕೆ ಒಡೆಯರ ಸಂಖ್ಯೆ, ಗುತ್ತಿಗೆಯ ದಿನಾಂಕ, ತಪ್ಪಾದ ಬಾಕ್ಸ್, ಸರಿಯಾದ ಬಾಕ್ಸ್ ಮತ್ತು ಅದಕ್ಕೆ ಕಾರಣಗಳನ್ನು ಸ್ಪಷ್ಟವಾಗಿ ತಿಳಿಸಿ, ಗುತ್ತಿಗೆ ಪತ್ರದ ಪ್ರತಿಯನ್ನು ಲಗತ್ತಿಸುವುದು ಒಳ್ಳೆಯದು. ದೂರವಾಣಿಯಲ್ಲಿ ಮಾತನಾಡಿದ್ದರೂ ಬರಹದಲ್ಲಿ ಒಂದು ಪತ್ರ ಇರಬೇಕು. ಮುಂದೆ ಸಾಕ್ಷ್ಯವಾಗುವುದು ಅದೇ.

ಕಂಪನಿ ಒಪ್ಪಿದರೆ ತಿದ್ದುಪಡಿಯಾಗಿದೆ ಎಂಬ ಗುರುತುಳ್ಳ ಹೊಸ ನಮೂನೆಯನ್ನು ಒಡೆಯನಿಗೂ ಐಆರ್‌ಎಸ್‌ಗೂ ಕಳುಹಿಸುತ್ತದೆ. ನಮೂನೆಯ ಬಗೆಯೇ ತಪ್ಪಾಗಿದ್ದರೆ ತಿದ್ದುಪಡಿಗೆ ಎರಡು ಹೆಜ್ಜೆಗಳಿವೆ: ಮೊದಲು 1099-ಎನ್‌ಇಸಿಯ ಮೊತ್ತವನ್ನು ಸೊನ್ನೆಯೆಂದು ತಿದ್ದಬೇಕು, ಅನಂತರ ಹೊಸದಾಗಿ 1099-ಎಂಐಎಸ್‌ಸಿ ಕೊಡಬೇಕು. ಮೊದಲ ಹೆಜ್ಜೆ ಬಿಟ್ಟುಹೋದರೆ ಐಆರ್‌ಎಸ್ ಲೆಕ್ಕದಲ್ಲಿ ಒಂದೇ ಹಣ ಎರಡು ಬಾರಿ ಸೇರುತ್ತದೆ. ಆದ್ದರಿಂದ ಎರಡೂ ಪ್ರತಿಗಳನ್ನು ಕೇಳಿ ಪಡೆಯಬೇಕು.

ಮೊತ್ತದ ವ್ಯತ್ಯಾಸ 100 ಡಾಲರ್ ಮೀರದಿದ್ದರೆ ಅದನ್ನು ತಿದ್ದುವ ಕಡ್ಡಾಯ ಸಾಮಾನ್ಯವಾಗಿ ಪಾವತಿದಾರರಿಗಿಲ್ಲ. ಹಿಡಿದುಕೊಂಡ ತೆರಿಗೆಯ ವಿಷಯದಲ್ಲಿ ಈ ಮಿತಿ 25 ಡಾಲರ್. ಆದರೂ ಹಣ ಪಡೆದವರು ತಿದ್ದುಪಡಿ ಬೇಕೆಂದು ಕ್ರಮಬದ್ಧವಾಗಿ ತಿಳಿಸಿದರೆ ಈ ರಿಯಾಯಿತಿ ಅನ್ವಯಿಸುವುದಿಲ್ಲ.

### 3. ಐಆರ್‌ಎಸ್ ನೆರವು

ಫೆಬ್ರವರಿ ಕೊನೆಯವರೆಗೂ ತಿದ್ದಿದ ನಮೂನೆ ಬಾರದಿದ್ದರೆ ತೆರಿಗೆದಾರರು ಐಆರ್‌ಎಸ್ ಸಹಾಯವಾಣಿಗೆ ಕರೆಮಾಡಬಹುದು. ಇಲಾಖೆಯು ಪಾವತಿದಾರರನ್ನು ಸಂಪರ್ಕಿಸಿ ಸರಿಯಾದ ನಮೂನೆ ಕೊಡುವಂತೆ ಕೇಳುತ್ತದೆ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಳಕೆಯಲ್ಲಿದೆ. ನಮೂನೆಯ ಬದಲಿಗೆ ತೆರಿಗೆದಾರರೇ ಸಲ್ಲಿಸಬಹುದಾದ 4852 ಎಂಬ ಪತ್ರವೊಂದಿದೆ. ಅದು ಸಂಬಳದ ಡಬ್ಲ್ಯು-2 ಮತ್ತು ನಿವೃತ್ತಿ ವೇತನದ 1099-ಆರ್ ನಮೂನೆಗಳಿಗೆ ಮಾತ್ರ. ರಾಯಲ್ಟಿಯ ನಮೂನೆಗೆ ಅದನ್ನು ಬಳಸಲಾಗದು.

### 4. ರಿಟರ್ನ್ ಸಲ್ಲಿಸುವುದು

ತಿದ್ದುಪಡಿಗಾಗಿ ಕಾಯುತ್ತ ಗಡುವು ಮೀರಬಾರದು. ರಿಟರ್ನ್‌ನ ಗಡುವು ಸಾಮಾನ್ಯವಾಗಿ ಏಪ್ರಿಲ್ 15. 4868 ನಮೂನೆಯ ಮೂಲಕ ಅಕ್ಟೋಬರ್ 15ರವರೆಗೆ ಕಾಲಾವಕಾಶ ಪಡೆಯಬಹುದು. ಆದರೆ ಅದು ರಿಟರ್ನ್ ಸಲ್ಲಿಸುವುದಕ್ಕೆ ಸಿಗುವ ಅವಕಾಶವೇ ಹೊರತು ತೆರಿಗೆ ಕಟ್ಟುವುದಕ್ಕಲ್ಲ.

ಕಂಪನಿ ತಿದ್ದಲು ಒಪ್ಪದಿದ್ದರೆ ಆದಾಯವನ್ನು ಅದರ ನಿಜವಾದ ಸ್ಥಾನದಲ್ಲಿ ತೋರಿಸಬೇಕು. ಬೋನಸ್ ಆದರೆ ಷೆಡ್ಯೂಲ್ ಇ. ಜೊತೆಗೆ, ಇಂತಹ ಕಂಪನಿಯ ಇಂತಹ ನಮೂನೆಯ ಮೊತ್ತವು ಖನಿಜ ಗುತ್ತಿಗೆಯ ಬೋನಸ್ ಆಗಿದ್ದು, ಯಾವುದೇ ಸೇವೆಗೆ ಸಂದ ಸಂಭಾವನೆಯಲ್ಲ ಎಂಬ ಚಿಕ್ಕ ವಿವರಣೆಯನ್ನು ಲಗತ್ತಿಸಬೇಕು. ಕೆಲವು ತೆರಿಗೆ ಸಲಹೆಗಾರರು ಷೆಡ್ಯೂಲ್ ಸಿ ಯಲ್ಲಿ ನಮೂನೆಯ ಮೊತ್ತವನ್ನು ತೋರಿಸಿ, ಅಲ್ಲಿಯೇ ಅಷ್ಟನ್ನೂ ಕಳೆದು, ಅದು ಷೆಡ್ಯೂಲ್ ಇ ಯಲ್ಲಿದೆ ಎಂದು ಬರೆಯುತ್ತಾರೆ. ಹೇಗೆ ಮಾಡಿದರೂ ಉದ್ದೇಶ ಒಂದೇ: ನಮೂನೆಯ ಮೊತ್ತ ರಿಟರ್ನ್‌ನಲ್ಲಿ ಎಲ್ಲಿ ಹೋಯಿತು ಎಂಬುದು ಓದಿದವರಿಗೆ ತಿಳಿಯಬೇಕು.

ಒಬ್ಬರ ಹೆಸರಿನಲ್ಲಿ ಹಲವರ ಪಾಲು ಬಂದಿದ್ದರೆ ಹಣ ಪಡೆದವರು ನಾಮಿನಿ ಎನಿಸುತ್ತಾರೆ. ಅವರು ಉಳಿದ ಪಾಲುದಾರರಿಗೆ ತಾವೇ 1099-ಎಂಐಎಸ್‌ಸಿ ಕೊಟ್ಟು, ಅದರ ಪ್ರತಿಯನ್ನು ಐಆರ್‌ಎಸ್‌ಗೆ ಸಲ್ಲಿಸಬೇಕು. ಪತಿ ಪತ್ನಿಯರ ನಡುವೆ ಇದರ ಅಗತ್ಯವಿಲ್ಲ.

### 5. ಹಿಂದಿನ ವರ್ಷಗಳ ತಿದ್ದುಪಡಿ

ತಪ್ಪು ನಮೂನೆಯನ್ನು ನಂಬಿ ಈಗಾಗಲೇ ಹೆಚ್ಚು ತೆರಿಗೆ ಕಟ್ಟಿದ್ದರೆ 1040-ಎಕ್ಸ್ ನಮೂನೆಯಲ್ಲಿ ತಿದ್ದಿದ ರಿಟರ್ನ್ ಸಲ್ಲಿಸಿ ಹಣ ಹಿಂದಕ್ಕೆ ಪಡೆಯಬಹುದು. ರಿಟರ್ನ್ ಸಲ್ಲಿಸಿದ ದಿನದಿಂದ 3 ವರ್ಷ ಅಥವಾ ತೆರಿಗೆ ಕಟ್ಟಿದ ದಿನದಿಂದ 2 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಇದಕ್ಕೆ ಅವಕಾಶವಿದೆ.

## ನೋಟಿಸ್ ಬಂದಾಗ

ಐಆರ್‌ಎಸ್ ಗಣಕಯಂತ್ರಗಳು ಪಾವತಿದಾರರ ನಮೂನೆಗಳನ್ನು ರಿಟರ್ನ್‌ಗಳೊಂದಿಗೆ ಹೋಲಿಸುತ್ತವೆ. ಹೊಂದಾಣಿಕೆಯಾಗದಿದ್ದರೆ ಸಿಪಿ2000 ಎಂಬ ನೋಟಿಸ್ ಹೊರಡುತ್ತದೆ. ಹಲವು ವೇಳೆ ಇದು ರಿಟರ್ನ್ ಸಲ್ಲಿಸಿದ ಒಂದು ವರ್ಷಕ್ಕೂ ಮೇಲ್ಪಟ್ಟು ಬರುವುದರಿಂದ ಒಡೆಯರಿಗೆ ವಿಷಯವೇ ಮರೆತಿರುತ್ತದೆ. ಈ ನೋಟಿಸ್ ಬಿಲ್ ಅಲ್ಲ, ದಂಡನೆಯ ಆದೇಶವೂ ಅಲ್ಲ. ತೆರಿಗೆಯನ್ನು ಹೀಗೆ ಬದಲಾಯಿಸಲು ಯೋಚಿಸಿದ್ದೇವೆ, ನಿಮ್ಮ ಅಭಿಪ್ರಾಯವೇನು ಎಂಬ ಪ್ರಸ್ತಾವ ಮಾತ್ರ. ಉತ್ತರಕ್ಕೆ ಸಾಮಾನ್ಯವಾಗಿ 30 ದಿನಗಳ ಅವಕಾಶವಿದ್ದು, ಅಮೆರಿಕದ ಹೊರಗೆ ವಾಸಿಸುವವರಿಗೆ 60 ದಿನಗಳಿರುತ್ತವೆ.

ಒಪ್ಪಿಗೆಯಿಲ್ಲದಿದ್ದರೆ ಒಪ್ಪಿಲ್ಲವೆಂದು ಗುರುತು ಮಾಡಿ, ಸಹಿ ಮಾಡಿದ ವಿವರಣೆಯೊಂದಿಗೆ ಗುತ್ತಿಗೆ ಪತ್ರ, ಚೆಕ್ ವಿವರಚೀಟಿ, ಕಂಪನಿಗೆ ಬರೆದ ಪತ್ರಗಳ ಪ್ರತಿಗಳನ್ನು ಕಳುಹಿಸಬೇಕು. ಹೆದರಿ ಹಣ ಕಟ್ಟಿಬಿಡುವುದೂ ನೋಟಿಸನ್ನು ಬದಿಗಿಟ್ಟು ಮರೆಯುವುದೂ ಎರಡೂ ಹಾನಿಕರ. ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಇಲಾಖೆಯು ಶಾಸನಬದ್ಧ ಕೊರತೆಯ ನೋಟಿಸ್ ಕೊಡುತ್ತದೆ. ಅದರ ವಿರುದ್ಧ ತೆರಿಗೆ ನ್ಯಾಯಾಲಯಕ್ಕೆ ಅರ್ಜಿ ಹಾಕಲು 90 ದಿನಗಳ ಅವಕಾಶವಿದೆ; ಹೊರದೇಶದಲ್ಲಿರುವವರಿಗೆ 150 ದಿನ.

## ಕಾನೂನಿನ ರಕ್ಷಣೆ

ಮೂರನೆಯವರು ಕೊಟ್ಟ ನಮೂನೆಯೊಂದೇ ತೆರಿಗೆದಾರರ ವಿರುದ್ಧ ಸಾಕಷ್ಟು ಸಾಕ್ಷ್ಯವಾದೀತೇ ಎಂಬ ಪ್ರಶ್ನೆ ನ್ಯಾಯಾಲಯಗಳ ಮುಂದೆ ಬಂದಿದೆ. 1991ರ ಪೋರ್ಟಿಲೊ ಪ್ರಕರಣದಲ್ಲಿ ಐದನೆಯ ವಲಯದ ಮೇಲ್ಮನವಿ ನ್ಯಾಯಾಲಯವು, ಬೇರೆ ಆಧಾರವಿಲ್ಲದೆ 1099 ನಮೂನೆಯೊಂದನ್ನೇ ನಂಬಿ ಮಾಡಿದ ತೆರಿಗೆ ನಿರ್ಧಾರವನ್ನು ಒಪ್ಪಲಿಲ್ಲ. ಆ ಪ್ರಕರಣ ಖನಿಜಕ್ಕೆ ಸಂಬಂಧಿಸಿದ್ದಲ್ಲವಾದರೂ ಅದರ ತತ್ತ್ವ ಎಲ್ಲ ಮಾಹಿತಿ ನಮೂನೆಗಳಿಗೂ ಸಂಬಂಧಿಸಿದೆ. 1996ರಲ್ಲಿ ಈ ಬಗೆಯ ರಕ್ಷಣೆ ಶಾಸನಕ್ಕೂ ಸೇರಿತು. ತೆರಿಗೆದಾರರು ನಮೂನೆಯ ಬಗ್ಗೆ ನ್ಯಾಯಾಲಯದಲ್ಲಿ ಸಮಂಜಸವಾದ ತಕರಾರು ಎತ್ತಿ, ಇಲಾಖೆಗೆ ಪೂರ್ಣ ಸಹಕಾರ ನೀಡಿದ್ದರೆ, ನಮೂನೆಯಲ್ಲದೆ ಬೇರೆ ಸಮಂಜಸ ಮಾಹಿತಿಯನ್ನು ಮುಂದಿಡುವ ಹೊಣೆ ಇಲಾಖೆಯ ಮೇಲೆ ಬೀಳುತ್ತದೆ.

ಪಾವತಿದಾರರು ತಿಳಿದೂ ತಿಳಿದೂ ವಂಚನೆಯಿಂದ ಸುಳ್ಳು ನಮೂನೆ ಸಲ್ಲಿಸಿದ್ದರೆ, ಅವರ ವಿರುದ್ಧ ದಾವೆ ಹೂಡಿ 5,000 ಡಾಲರ್ ಅಥವಾ ಆದ ನಷ್ಟ ಮತ್ತು ವೆಚ್ಚ, ಇವುಗಳಲ್ಲಿ ಹೆಚ್ಚಿನದನ್ನು ಪಡೆಯಲು ಕಾಯ್ದೆಯಲ್ಲಿ ಅವಕಾಶವಿದೆ. ಅಜಾಗರೂಕತೆಯಿಂದಾದ ಸಾಮಾನ್ಯ ತಪ್ಪಿಗೆ ಇದು ಅನ್ವಯಿಸುವುದಿಲ್ಲ.

## ಉಳಿಸಿಕೊಳ್ಳಬೇಕಾದ ದಾಖಲೆಗಳು

ನಮೂನೆಯ ವಿರುದ್ಧ ಮಾತನಾಡಬಲ್ಲದ್ದು ಮೂಲ ಕಾಗದ ಮಾತ್ರ. ಆದ್ದರಿಂದ ಈ ಕೆಳಗಿನವನ್ನು ಒಂದೆಡೆ ಇಟ್ಟುಕೊಳ್ಳುವುದು ರೂಢಿ:

- ಗುತ್ತಿಗೆ ಪತ್ರ ಮತ್ತು ಬೋನಸ್ ಪಾವತಿಯ ಪತ್ರ
- ಒಡೆಯನ ಪಾಲನ್ನು ದಶಮಾಂಶದಲ್ಲಿ ತಿಳಿಸುವ ಡಿವಿಷನ್ ಆರ್ಡರ್
- ಪ್ರತಿ ಚೆಕ್ಕಿನ ವಿವರಚೀಟಿ
- ಖನಿಜ ಹಕ್ಕಿನ ಪತ್ರ, ವಿಲ್ ಅಥವಾ ಉತ್ತರಾಧಿಕಾರದ ದಾಖಲೆ
- ಆನುವಂಶಿಕವಾಗಿ ಬಂದ ಹಕ್ಕಾದರೆ, ಮೃತರು ತೀರಿಕೊಂಡ ದಿನದ ಮೌಲ್ಯಮಾಪನ
- ಬಂದ ನಮೂನೆಗಳು, ತಿದ್ದಿದ ನಮೂನೆಗಳು, ಕಂಪನಿಯೊಂದಿಗಿನ ಪತ್ರವ್ಯವಹಾರ

ಇಲಾಖೆಯು ಸಾಮಾನ್ಯವಾಗಿ 3 ವರ್ಷಗಳವರೆಗೆ ಹೆಚ್ಚುವರಿ ತೆರಿಗೆ ವಿಧಿಸಬಹುದು. ತೋರಿಸಿದ ಒಟ್ಟು ಆದಾಯದ ಶೇ. 25ಕ್ಕಿಂತ ಹೆಚ್ಚು ಮೊತ್ತ ಬಿಟ್ಟುಹೋಗಿದ್ದರೆ ಈ ಅವಧಿ 6 ವರ್ಷ. ಹಕ್ಕಿಗೆ ಸಂಬಂಧಿಸಿದ ಮೂಲ ಪತ್ರಗಳನ್ನಂತೂ ಹಕ್ಕು ಇರುವವರೆಗೂ ಕಾಪಾಡಬೇಕು.

## ಅಮೆರಿಕದ ಹೊರಗಿನ ಒಡೆಯರು

ಮೇಲಿನ 1099 ನಮೂನೆಗಳು ಅಮೆರಿಕದ ಪ್ರಜೆಗಳಿಗೆ ಮತ್ತು ತೆರಿಗೆಯ ದೃಷ್ಟಿಯಿಂದ ಅಲ್ಲಿನ ನಿವಾಸಿಗಳಿಗೆ ಸಂಬಂಧಿಸಿದವು. ಅವರು ತಮ್ಮ ತೆರಿಗೆ ಸಂಖ್ಯೆಯನ್ನು ಡಬ್ಲ್ಯು-9 ನಮೂನೆಯಲ್ಲಿ ಕಂಪನಿಗೆ ಕೊಟ್ಟಿರಬೇಕು. ಕೊಡದಿದ್ದರೆ ಕಂಪನಿಯು ಶೇ. 24ರಷ್ಟನ್ನು ಹಿಡಿದುಕೊಳ್ಳುತ್ತದೆ. ಹೀಗೆ ಹಿಡಿದುಕೊಂಡ ಹಣ ಬಾಕ್ಸ್ 4ರಲ್ಲಿ ಕಾಣಿಸಬೇಕು. ಅದು ಬಿಟ್ಟುಹೋಗಿದ್ದರೆ ಆಗಲೇ ಕಟ್ಟಿದ ತೆರಿಗೆಯೇ ಕೈತಪ್ಪಿದಂತೆ.

ಅಮೆರಿಕದ ಪೌರತ್ವವಾಗಲಿ ಗ್ರೀನ್ ಕಾರ್ಡ್ ಆಗಲಿ ಇಲ್ಲದೆ ಹೊರದೇಶದಲ್ಲಿರುವವರಿಗೆ ಬರಬೇಕಾದದ್ದು 1042-ಎಸ್ ನಮೂನೆ. ಅವರ ರಾಯಲ್ಟಿಯಿಂದ ಸಾಮಾನ್ಯವಾಗಿ ಶೇ. 30ರಷ್ಟನ್ನು ಮೊದಲೇ ಹಿಡಿಯಲಾಗುತ್ತದೆ. ಅಲ್ಲಿ ಕೆಲವು ಕಾಲ ನೆಲೆಸಿ, ಖನಿಜ ಹಕ್ಕು ಹೊಂದಿ, ಅನಂತರ ಭಾರತಕ್ಕೆ ಮರಳಿ ಅನಿವಾಸಿಯಾದವರು ಡಬ್ಲ್ಯು-8ಬಿಇಎನ್ ನಮೂನೆಯ ಮೂಲಕ ಕಂಪನಿಗೆ ತಮ್ಮ ಸ್ಥಿತಿ ಬದಲಾದುದನ್ನು ತಿಳಿಸದಿದ್ದರೆ ಹಳೆಯ 1099 ನಮೂನೆಯೇ ಬರುತ್ತಿರುತ್ತದೆ. ಅದೂ ತಪ್ಪು ನಮೂನೆಯೇ.

## ಭಾರತದ ವ್ಯವಸ್ಥೆಯೊಂದಿಗೆ ಹೋಲಿಕೆ

ಪಾವತಿದಾರರ ವರದಿಯನ್ನು ತೆರಿಗೆದಾರರ ರಿಟರ್ನ್‌ನೊಂದಿಗೆ ಹೋಲಿಸುವ ಪದ್ಧತಿ ಭಾರತದಲ್ಲಿಯೂ ಇದೆ. ಮೂಲದಲ್ಲಿ ಕಡಿತವಾದ ತೆರಿಗೆಯ ವಿವರಗಳು 26ಎಎಸ್ ನಮೂನೆಯಲ್ಲಿಯೂ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿಯೂ ಕಾಣಿಸುತ್ತವೆ. ಬ್ಯಾಂಕು ಅಥವಾ ಉದ್ಯೋಗದಾತರು ತಪ್ಪು ಪ್ಯಾನ್ ಸಂಖ್ಯೆ ಅಥವಾ ತಪ್ಪು ಮೊತ್ತ ದಾಖಲಿಸಿದಾಗ, ಅವರಿಂದಲೇ ತಿದ್ದುಪಡಿ ಮಾಡಿಸಬೇಕಾಗುತ್ತದೆ. ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ತಪ್ಪು ಕಂಡರೆ ತೆರಿಗೆದಾರರು ಅಂತರಜಾಲದಲ್ಲಿಯೇ ತಮ್ಮ ಆಕ್ಷೇಪವನ್ನು ದಾಖಲಿಸಬಹುದು. ಎರಡೂ ದೇಶಗಳಲ್ಲಿ ಮಾಹಿತಿಯನ್ನು ಬರೆಯುವವರು ಒಬ್ಬರು, ಅದರ ಪರಿಣಾಮವನ್ನು ಎದುರಿಸುವವರು ಇನ್ನೊಬ್ಬರು. ಹೀಗಾಗಿ ಬಂದ ನಮೂನೆಯನ್ನು ಮೂಲ ದಾಖಲೆಯೊಂದಿಗೆ ಹೋಲಿಸಿ ನೋಡುವ ಕೆಲಸ ತೆರಿಗೆದಾರರ ಪಾಲಿಗೇ ಉಳಿದಿದೆ.